ಸಣ್ಣ ಸ್ಪೀಕರ್ ಹುಡುಕುವ ಬಗೆ

ಹೊಸೂರಿನ ಕಡೆಯ ಸೋದರಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದು ಒಂದು ಸಮಸ್ಯೆಯನ್ನು ಮುಂದಿಟ್ಟಿದ್ದಾರೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗನಿಗೆ ಎಲೆಕ್ಟ್ರಾನಿಕ್ಸಿನ ಹುಚ್ಚು ಹಿಡಿದಿದೆಯಂತೆ. ಅಂಗೈಯಗಲದ ಹಲಗೆಯ ಮೇಲೆ ಬಿಡಿಭಾಗಗಳನ್ನು ಬೆಸೆದು ಪುಟ್ಟದೊಂದು ಆಂಪ್ಲಿಫೈಯರ್ ಕಟ್ಟಿದ್ದಾನೆ. ಆದರೆ ಅದಕ್ಕೆ ಹೊಂದುವ ಸಣ್ಣ ಸ್ಪೀಕರ್ ಮಾತ್ರ ದೊರೆಯುತ್ತಿಲ್ಲ. ಅಂಗಡಿಯವರು "ಎಷ್ಟು ಓಮ್, ಎಷ್ಟು ವ್ಯಾಟ್?" ಎಂದು ಕೇಳುತ್ತಾರೆ; ಹುಡುಗ ತಬ್ಬಿಬ್ಬಾಗುತ್ತಾನೆ; ಅವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಮನೆಗೆ ತಂದು ಜೋಡಿಸಿದರೆ ಒಂದೋ ದನಿಯೇ ಇಲ್ಲ, ಇಲ್ಲವೇ ಬರಿಯ ಗೊರಗೊರ ಸದ್ದು. "ಇಷ್ಟು ಸಣ್ಣ ವಸ್ತುವಿಗಾಗಿ ಮೂರು ಬಾರಿ ಬೆಂಗಳೂರಿಗೆ ಬಸ್ಸು ಹತ್ತಿದ್ದಾಯಿತು. ಇದು ಹುಡುಗಾಟಿಕೆಯೆಂದು ಬಿಡಿಸಲೇ, ಮುಂದುವರಿಸಲು ಬಿಡಲೇ?" ಎಂಬುದು ಅವರ ಪ್ರಶ್ನೆ.

ಬಿಡಿಸಬೇಡಿ ಎಂಬುದೇ ನನ್ನ ಉತ್ತರ. ಗಡಿಯಾಚೆ ನೆಲೆಸಿರುವ ನಮ್ಮಂಥವರಿಗೆ ಈ ಹವ್ಯಾಸದಲ್ಲಿರುವ ತೊಡಕು ಬುದ್ಧಿಯದಲ್ಲ, ದೂರದ್ದು. ಪೇಟೆಯ ಪಕ್ಕದಲ್ಲಿಯೇ ಮನೆಯಿರುವವನು ತಪ್ಪು ವಸ್ತುವನ್ನು ತಂದರೆ ಸಂಜೆಯೊಳಗೆ ಬದಲಾಯಿಸಿಕೊಂಡು ಬರುತ್ತಾನೆ. ನಮಗಾದರೋ ಒಂದು ತಪ್ಪೆಂದರೆ ಒಂದು ದಿನ, ಒಂದು ಪ್ರಯಾಣ. ಆದುದರಿಂದ ಹೊರಡುವ ಮುನ್ನವೇ ತಿಳಿದುಕೊಂಡಿರುವುದು ನಮಗೆ ಅನಿವಾರ್ಯ. ಈ ಪಾಠವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಯತ್ನದಿಂದ. ಅದನ್ನೇ ಹೇಳುತ್ತ ಹೋದರೆ ಸೋದರಿಯವರ ಪ್ರಶ್ನೆಗೂ ಉತ್ತರ ದೊರೆತೀತು.

ನನ್ನ ತಾಯಿಗೆ ಈಗ ಎಂಬತ್ತನಾಲ್ಕು ವರ್ಷ. ಮಧ್ಯಾಹ್ನದ ಊಟವಾದ ಮೇಲೆ ಚಾವಡಿಯಲ್ಲಿ ಕುಳಿತು ಮಾಸಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದುವುದು ಅವರ ಬಹುಕಾಲದ ಅಭ್ಯಾಸ. ಎರಡು ವರ್ಷಗಳಿಂದ ದೃಷ್ಟಿ ಮಂದವಾಗಿ ಅಕ್ಷರಗಳು ಕಾಣದಾಗಿವೆ. ಓದಿ ಹೇಳೋಣವೆಂದರೆ ಹಗಲು ಹೊತ್ತು ಮನೆಯಲ್ಲಿ ಯಾರೂ ಇರುವುದಿಲ್ಲ. ನನ್ನ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವವಳು. ಮನೆಯಲ್ಲಿ ಕನ್ನಡವನ್ನೇ ಮಾತನಾಡುತ್ತಾಳೆ. ಆದರೆ ಕನ್ನಡ ಪುಸ್ತಕ ಕೈಗೆ ಕೊಟ್ಟರೆ ಅಕ್ಷರಕ್ಕೊಮ್ಮೆ ತಡವರಿಸುತ್ತಾಳೆ. ಆಕೆಯೇ ಒಂದು ದಿನ, "ಅಪ್ಪಾ, ನಾನು ದಿನಾ ಎರಡು ಪುಟ ಓದಿ ರೆಕಾರ್ಡ್ ಮಾಡಿ ಇಡ್ತೇನೆ. ಅಜ್ಜಿ ಬೇಕಾದಾಗ ಕೇಳಲಿ" ಎಂದಳು.

ಮೊಬೈಲ್ ಫೋನಿನಲ್ಲಿಯೇ ಕೇಳಿಸಬಹುದಲ್ಲ ಎಂದು ವಾಚಕರು ಕೇಳಬಹುದು. ಅದನ್ನೂ ಪ್ರಯತ್ನಿಸಿದೆವು. ನುಣುಪಾದ ಗಾಜಿನ ಮೇಲೆ ಬೆರಳಾಡಿಸುವುದು ಕಣ್ಣು ಕಾಣದವರಿಗೆ ಸುಲಭವಲ್ಲ. ಒಂದನ್ನು ಮುಟ್ಟಿದರೆ ಮತ್ತೊಂದು ತೆರೆದುಕೊಳ್ಳುತ್ತದೆ. ಅಮ್ಮನಿಗೆ ಬೇಕಾಗಿದ್ದುದು ಕೈಯಿಂದ ತಡವಿ ಒತ್ತಬಹುದಾದ ದೊಡ್ಡ ಗುಂಡಿಗಳಿರುವ, ಒತ್ತಿದೊಡನೆ ಮಾತನಾಡುವ ಒಂದು ಪೆಟ್ಟಿಗೆ. ಅದನ್ನು ನಾವೇ ಕಟ್ಟುವುದೆಂದು ಅಪ್ಪ ಮಗಳು ನಿಶ್ಚಯಿಸಿದೆವು.

ಮೊದಲ ಪ್ರಯತ್ನ ನನ್ನದು, ಮೊದಲ ತಪ್ಪೂ ನನ್ನದೇ. ಎಲ್‌ಎಂ 386 ಎಂಬ ಎಂಟು ಕಾಲಿನ ಒಂದು ಐ.ಸಿ. ಇದೆ, ಹವ್ಯಾಸಿಗಳು ತಲೆಮಾರಿನಿಂದ ಅದನ್ನು ಬಳಸುತ್ತ ಬಂದಿದ್ದಾರೆ. ಅದರಿಂದ ಆಂಪ್ಲಿಫೈಯರ್ ಕಟ್ಟಿ, ಒಂಬತ್ತು ವೋಲ್ಟಿನ ಸಣ್ಣ ಚೌಕ ಬ್ಯಾಟರಿಯನ್ನು ಜೋಡಿಸಿದೆ. ಸ್ಪೀಕರ್ ದೊಡ್ಡದಾದಷ್ಟೂ ದನಿ ಚೆನ್ನಾಗಿರುವುದೆಂಬ ಭ್ರಮೆಯಿಂದ, ಪೇಟೆಗೆ ಹೋಗಿ ಹಳೆಯ ಹೋಮ್ ಥಿಯೇಟರ್ ಪೆಟ್ಟಿಗೆಯಿಂದ ಕಳಚಿದ ಆರಂಗುಲದ ಸ್ಪೀಕರನ್ನು ಕೊಂಡು ತಂದೆ. ಫಲವೇನಾಯಿತು? ದನಿ ಹೊರಟಿತು, ಆದರೆ ಹಂಡೆಯೊಳಗೆ ಕುಳಿತು ಮಾತನಾಡಿದಂತೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಾತು ಹೋಗಿ ದೋಣಿಯ ಎಂಜಿನಿನಂತೆ 'ಪುಟ್ ಪುಟ್' ಸದ್ದು ಮಾತ್ರ ಉಳಿಯಿತು. ಮುಟ್ಟಿ ನೋಡಿದರೆ ಐ.ಸಿ. ಕಾದಿತ್ತು. ಅಮ್ಮ ಬಹಳ ಹೊತ್ತು ಕಿವಿಗೊಟ್ಟು ಕೇಳಿ, "ಗುಡುಗು ಮಾತ್ರ ಕೇಳ್ತದೆ, ಮಳೆ ಬರುವುದಿಲ್ಲ" ಎಂದರು.

ಎಲ್ಲಿ ತಪ್ಪಿದೆವು ಎಂಬುದನ್ನು ಅರಿಯಬೇಕಾದರೆ ಸ್ಪೀಕರಿನ ಒಳಗನ್ನು ತುಸು ನೋಡಬೇಕು. ಒಂದು ಅಯಸ್ಕಾಂತ, ಅದರ ಕಿರಿದಾದ ಸಂದಿನಲ್ಲಿ ತಾಮ್ರದ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಅಥವಾ ಪ್ಲಾಸ್ಟಿಕಿನ ಶಂಕು. ಸುರುಳಿಯಲ್ಲಿ ವಿದ್ಯುತ್ತು ಹಿಂದೆ ಮುಂದೆ ಹರಿದಂತೆ ಶಂಕುವೂ ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಅದೇ ನಾವು ಕೇಳುವ ದನಿ. 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬ ಎಂಜಿನಿಯರುಗಳು ರೂಪಿಸಿದ ಮಾದರಿಯೇ ಇಂದಿಗೂ ಇದರ ತಳಹದಿ. ಆಮೇಲೆ ಮುಖ್ಯವಾಗಿ ಬದಲಾದುದು ಅಯಸ್ಕಾಂತ. 1980ರ ದಶಕದಲ್ಲಿ ನಿಯೋಡಿಮಿಯಮ್ ಲೋಹದ ಬಲವಾದ ಅಯಸ್ಕಾಂತಗಳು ಬಂದ ಮೇಲೆ ಉಗುರಿನಷ್ಟು ಸ್ಪೀಕರುಗಳೂ ಮಾತನಾಡತೊಡಗಿದವು.

ಅಂಗಡಿಯವರು ಕೇಳುವ ಪ್ರಶ್ನೆಗಳಿಗೆ ಬರೋಣ. ಓಮ್ ಎಂಬುದು ಸುರುಳಿಯು ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಸಣ್ಣ ಸ್ಪೀಕರುಗಳಲ್ಲಿ ಬಹುಪಾಲು 8 ಓಮಿನವು, ಕೆಲವು 4 ಓಮಿನವು. ತಡೆ ಅರ್ಧವಾದರೆ ಅದೇ ವೋಲ್ಟಿಗೆ ಹರಿಯುವ ವಿದ್ಯುತ್ತು ಇಮ್ಮಡಿಯಾಗುತ್ತದೆ. ನಾನು ತಂದಿದ್ದ ಸ್ಪೀಕರ್ 4 ಓಮಿನದು. ಅಷ್ಟು ವಿದ್ಯುತ್ತನ್ನು ಆ ಚೌಕ ಬ್ಯಾಟರಿ ಬಹಳ ಹೊತ್ತು ಕೊಡಲಾರದು. ಅದರ ವೋಲ್ಟ್ ಕುಸಿಯುತ್ತದೆ, ಚೇತರಿಸುತ್ತದೆ, ಮತ್ತೆ ಕುಸಿಯುತ್ತದೆ. ದೋಣಿಯ ಸದ್ದಿನ ಗುಟ್ಟು ಇದೇ. ಆಂಪ್ಲಿಫೈಯರಿಗೆ ಹೇಳಿದ್ದಕ್ಕಿಂತ ಹೆಚ್ಚು ಓಮಿನ ಸ್ಪೀಕರ್ ಹಾಕಿದರೆ ಅಪಾಯವಿಲ್ಲ, ದನಿ ತುಸು ತಗ್ಗುತ್ತದೆ ಅಷ್ಟೆ. ಕಡಿಮೆ ಓಮಿನದನ್ನು ಹಾಕಿದರೆ ಮಾತ್ರ ಹಾನಿ. ಇದೊಂದು ಮಾತನ್ನು ನೆನಪಿಟ್ಟುಕೊಂಡರೆ ಅರ್ಧ ವಿದ್ಯೆ ಬಂದಂತೆ.

ವ್ಯಾಟ್ ಎಂಬುದನ್ನು ದನಿಯ ಎತ್ತರವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಅದು ಸ್ಪೀಕರ್ ಸುಟ್ಟುಹೋಗದೆ ತಾಳಿಕೊಳ್ಳಬಲ್ಲ ಶಕ್ತಿಯ ಮಿತಿ. ಎಲ್‌ಎಂ 386 ಕೊಡುವುದು ಅರ್ಧ ವ್ಯಾಟಿನ ಆಸುಪಾಸು. ಒಂದು ವ್ಯಾಟಿನ ಸ್ಪೀಕರ್ ಅದಕ್ಕೆ ಧಾರಾಳವಾಗಿ ಸಾಕು. ಮೂರನೆಯದು ಅಗಲ. ಕಿರಿದಾದ ಶಂಕು ಹೆಚ್ಚು ಗಾಳಿಯನ್ನು ತಳ್ಳಲಾರದು, ಆದ್ದರಿಂದ ಮಂದ್ರದ ಸ್ವರಗಳು ಅದರಲ್ಲಿ ಬಾರವು. ಯಕ್ಷಗಾನದ ಧ್ವನಿಮುದ್ರಿಕೆಯನ್ನು ಸಣ್ಣ ಸ್ಪೀಕರಿನಲ್ಲಿ ಕೇಳಿ ನೋಡಿ: ಚೆಂಡೆಯ ಪೆಟ್ಟು ಸ್ಪಷ್ಟವಾಗಿ ಕೇಳುತ್ತದೆ, ಮದ್ದಳೆಯ ಗುಂಭ ಎಲ್ಲಿಯೋ ಕರಗಿಹೋಗುತ್ತದೆ. ಸಂಗೀತಕ್ಕೆ ಅದು ಕೊರತೆ. ಬರಿಯ ಮಾತಿಗೆ ಅಷ್ಟಾಗಿ ಕೊರತೆಯಲ್ಲ.

ಈ ಅಳತೆಗಳನ್ನು ತಿಳಿಯಲು ಅಂಗಡಿಗೇ ಹೋಗಬೇಕೆಂದಿಲ್ಲ. ಮಲ್ಟಿಮೀಟರ್ ಎಂಬ ಅಗ್ಗದ ಅಳತೆಗಾರನೊಂದು ಮನೆಯಲ್ಲಿದ್ದರೆ ಸಾಕು. ಮೊದಲು ಅದರ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಅದು ತೋರಿಸುವ ಅಲ್ಪ ಸಂಖ್ಯೆಯನ್ನು ಕಳೆಯಲು ಗುರುತಿಟ್ಟುಕೊಳ್ಳಿ. ಅನಂತರ ಸ್ಪೀಕರಿನ ಎರಡು ತುದಿಗಳಿಗೆ ತಾಗಿಸಿ. 8 ಓಮಿನ ಸ್ಪೀಕರ್ ಮೀಟರಿನಲ್ಲಿ ಆರೂವರೆಯಿಂದ ಏಳೂವರೆಯವರೆಗೆ ತೋರಿಸುತ್ತದೆ. 4 ಓಮಿನದು ಮೂರೂಕಾಲಿನಿಂದ ಮೂರೂಮುಕ್ಕಾಲು. ಕಡಿಮೆ ತೋರಿಸಿತೆಂದು ಗಾಬರಿ ಬೇಡ. ಮೀಟರ್ ಅಳೆಯುವುದು ತಂತಿಯ ತಡೆಯನ್ನು ಮಾತ್ರ, ಶಬ್ದ ಹರಿಯುವಾಗಿನ ತಡೆ ಅದಕ್ಕಿಂತ ಹೆಚ್ಚು. ಮೀಟರ್ ಏನನ್ನೂ ತೋರಿಸದಿದ್ದರೆ ಸುರುಳಿ ಕಡಿದಿದೆ ಎಂದರ್ಥ. ಮೀಟರೂ ಇಲ್ಲದಿದ್ದರೆ ಒಂದೂವರೆ ವೋಲ್ಟಿನ ಒಂದು ಸೆಲ್ಲನ್ನು ಕ್ಷಣಮಾತ್ರ ತಾಗಿಸಿ ತೆಗೆಯಿರಿ. 'ಕಟ್' ಎಂದರೆ ಸ್ಪೀಕರಿಗೆ ಜೀವವಿದೆ. ಕೊನೆಗೆ ಎರಡು ಹೆಬ್ಬೆರಳುಗಳಿಂದ ಶಂಕುವನ್ನು ಸಮನಾಗಿ, ಹಗುರಾಗಿ ಒತ್ತಿ ಬಿಡಿ. ಕೆರೆದಂತೆ ಸದ್ದು ಬಂದರೆ ಸುರುಳಿಯು ಸಂದಿನಲ್ಲಿ ಉಜ್ಜುತ್ತಿದೆ. ಅಂಥದನ್ನು ಬಿಟ್ಟುಬಿಡುವುದೇ ಮೇಲು.

ಇಷ್ಟು ತಿಳಿದ ಮೇಲೆ ನಮಗೆ ನಮ್ಮ ಅಟ್ಟದ ನೆನಪಾಯಿತು. ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದಂತಾಗಿತ್ತು ನನ್ನ ಕಥೆ. ಒಂದು ಭಾನುವಾರ ಅಪ್ಪ ಮಗಳು ಅಟ್ಟವನ್ನು ಜಾಲಾಡಿದೆವು. ಯಾವ ಮನೆಯಲ್ಲಿಯೂ ಇರಬಹುದಾದ ವಸ್ತುಗಳೇ ಅಲ್ಲಿದ್ದವು. ಕೀಲಿ ಕೆಟ್ಟ ಮಾತನಾಡುವ ಆಟಿಕೆಯೊಂದರಲ್ಲಿ ಒಂದೂವರೆ ಅಂಗುಲದ 8 ಓಮಿನ ಸ್ಪೀಕರ್ ಸಿಕ್ಕಿತು. ಹಳೆಯ ಲ್ಯಾಪ್‌ಟಾಪಿನಲ್ಲಿ 4 ಓಮಿನ ಚಪ್ಪಟೆ ಜೋಡಿ. ಒಡೆದುಹೋದ ಚಪ್ಪಟೆ ಟಿ.ವಿ.ಯಲ್ಲಿ ಮೊಟ್ಟೆಯಾಕಾರದ 8 ಓಮಿನ ಎರಡು. ಹಳೆಯ ಮೊಬೈಲಿನಲ್ಲಿ ಉಗುರಿನಷ್ಟರದು. ಕಿವಿಗೆ ಸಿಕ್ಕಿಸುವ ಇಯರ್‌ಫೋನುಗಳ ಒಳಗಿನದೂ ಸ್ಪೀಕರೇ. ಆದರೆ 16 ಅಥವಾ 32 ಓಮಿನದು, ಕೋಣೆಗೆ ಕೇಳಿಸುವಷ್ಟು ಅದರಿಂದಾಗದು. ಗಡಿಯಾರದ ಅಲಾರಂ, ಶುಭಾಶಯದ ಹಾಡುವ ಪತ್ರ ಇವುಗಳಲ್ಲಿ ಹಿತ್ತಾಳೆಯ ತೆಳು ಬಿಲ್ಲೆಯೊಂದು ಸಿಕ್ಕಿದರೆ ಮೋಸಹೋಗಬೇಡಿ. ಅದು ಪೀಝೋ ಬಿಲ್ಲೆ. ಕೀರಲು ಬಲ್ಲದು, ಮಾತನಾಡಲು ಒಲ್ಲದು.

ಮಕ್ಕಳನ್ನು ಈ ಕೆಲಸಕ್ಕೆ ಬಿಡುವ ತಾಯಂದಿರು ಒಂದು ಎಚ್ಚರಿಕೆಯನ್ನು ಕಡ್ಡಾಯವಾಗಿ ಹೇಳಿರಬೇಕು. ಹಿಂಬದಿ ಉಬ್ಬಿದ ಹಳೆಯ ಗಾಜಿನ ಕೊಳವೆಯ ಟಿ.ವಿ.ಯನ್ನು ಬಿಚ್ಚಲೇ ಕೂಡದು. ಅದರ ಕೊಳವೆಗೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಬೇಕಾಗುತ್ತದೆ. ಪ್ಲಗ್ ತೆಗೆದ ಮೇಲೂ ಒಳಗೆ ವಿದ್ಯುತ್ತು ಅಡಗಿ ಕುಳಿತಿರಬಹುದು. ಮೈಕ್ರೋವೇವ್ ಒಲೆಯೂ ಹಾಗೆಯೇ ಮಾರಕ. ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುವ ಯಾವ ಉಪಕರಣದ ಒಳಗೂ ಮುನ್ನೂರು ವೋಲ್ಟ್ ಮೀರಿದ ಕೆಪಾಸಿಟರ್ ಇರಬಹುದಾದ್ದರಿಂದ, ಚಪ್ಪಟೆ ಟಿ.ವಿ.ಯನ್ನೂ ಬಲ್ಲ ಹಿರಿಯರೇ ಬಿಚ್ಚಬೇಕು. ಮೊಬೈಲಿನ ಲಿಥಿಯಮ್ ಬ್ಯಾಟರಿಗೆ ಚೂಪಾದ ವಸ್ತು ತಗುಲಿದರೆ ಬೆಂಕಿ ಏಳುತ್ತದೆ. ಮಕ್ಕಳು ಸೆಲ್ಲುಗಳಿಂದ ನಡೆಯುವ ಆಟಿಕೆ, ರೇಡಿಯೋಗಳಿಂದ ತೊಡಗಲಿ.

ರೇಡಿಯೋ ಎಂದಾಗ ನೆನಪಾಯಿತು. ಅಟ್ಟದ ಮೂಲೆಯಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ನಮ್ಮ ತಂದೆಯವರ ಟ್ರಾನ್ಸಿಸ್ಟರ್ ಇತ್ತು. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸಿನ ಹಣ ಕಟ್ಟುತ್ತಿದ್ದ ಕಾಲದ ರೇಡಿಯೋ ಅದು. ಧಾರವಾಡ, ಬೆಂಗಳೂರು ಕೇಂದ್ರಗಳ ಕನ್ನಡವನ್ನು ರಾತ್ರಿ ಹೊತ್ತು ಕರಕರ ಸದ್ದಿನ ನಡುವೆ ಹೆಕ್ಕಿ ಕೇಳುತ್ತಿದ್ದ ನಮ್ಮ ಮನೆಗೆ, 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗ ಹಗಲು ಹೊತ್ತಿನಲ್ಲಿಯೂ ಶುದ್ಧವಾದ ಕನ್ನಡ ದನಿಯನ್ನು ತಂದುಕೊಟ್ಟದ್ದು ಅದೇ. ಬಿಚ್ಚಿದರೆ ಸೆಲ್ಲುಗಳು ಸೋರಿ ಒಳಗೆಲ್ಲ ಹಸಿರು ಕಿಲುಬು. ಸ್ಪೀಕರಿನ ಶಂಕುವಿನಲ್ಲಿ ಒಂದಂಗುಲದ ಸೀಳು. ಮೀಟರ್ ತಾಗಿಸಿದೆ, ಏಳು ಓಮ್ ತೋರಿಸಿತು. ಸೆಲ್ ತಾಗಿಸಿದೆ, 'ಕಟ್' ಎಂದಿತು.

ಹೀಗೆ ನಮ್ಮ ಮುಂದೆ ಹಲವು ಸ್ಪೀಕರುಗಳಾದವು. ಆರಿಸುವುದು ಹೇಗೆ? ಅಂಗಡಿಯಲ್ಲಿ ನಾವೆಲ್ಲ ಹಾಡು ಹಾಕಿಸಿ ಕೇಳಿ ತಲೆದೂಗುತ್ತೇವೆ. ಅದು ಮಾತಿಗೆ ಒಪ್ಪುವ ಪರೀಕ್ಷೆಯಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಗಳನ್ನು. ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ ಕಂಪನಗಳಲ್ಲಿದೆ. ಸ, ಶ ಮುಂತಾದ ವ್ಯಂಜನಗಳ ಗುರುತು ಇರುವುದು ಸೆಕೆಂಡಿಗೆ ಎರಡು ಮೂರು ಸಾವಿರಕ್ಕಿಂತ ಮೇಲಿನ ಕಂಪನಗಳಲ್ಲಿ. ಹಿರಿಯರು "ಕೇಳುತ್ತದೆ, ಆದರೆ ತಿಳಿಯುವುದಿಲ್ಲ" ಎನ್ನುವುದು ಇದರಿಂದಲೇ. ನಾನು ತಂದಿದ್ದ ದೊಡ್ಡ ಸ್ಪೀಕರ್ ತಗ್ಗಿನ ಸ್ವರಗಳಿಗೆಂದೇ ಮಾಡಿದ ವೂಫರ್. ಅದು ಗುಡುಗನ್ನು ಕೊಟ್ಟಿತು, ಮಳೆಯನ್ನು ನುಂಗಿತು. ಅಮ್ಮನ ಮಾತು ಅಕ್ಷರಶಃ ನಿಜವಾಗಿತ್ತು.

ಮಗಳು ಒಂದು ಉಪಾಯ ಮಾಡಿದಳು. ಕಾಲು, ಪಾಲು, ಸಾಲು, ಶಾಲು, ಹಾಲು ಎಂಬ ಐದು ಶಬ್ದಗಳನ್ನು ಹಿಂದುಮುಂದಾಗಿ ಇಪ್ಪತ್ತು ಬಾರಿ ಹೇಳಿ ಧ್ವನಿಮುದ್ರಿಸಿದಳು. ಮೊದಲಕ್ಷರವೊಂದರ ಹೊರತು ಉಳಿದುದೆಲ್ಲ ಒಂದೇ ಆದ್ದರಿಂದ ಊಹಿಸಲು ಆಸ್ಪದವಿಲ್ಲ. ಒಂದೊಂದು ಸ್ಪೀಕರಿನಲ್ಲಿಯೂ ಅದನ್ನು ಕೇಳಿಸುವುದು. ಅಮ್ಮ ಕೇಳಿದ್ದನ್ನು ಹೇಳುವುದು. ಮಗಳು ಗುರುತು ಹಾಕುವುದು. ವೂಫರಿನಲ್ಲಿ ಅಮ್ಮನಿಗೆ ಸರಿಯಾದವು ಆರು. ಅವರಿಗೆ ಎಲ್ಲವೂ ಹಾಲೇ. ಮೊಬೈಲಿನ ಸ್ಪೀಕರ್ ತೀಕ್ಷ್ಣವಾಗಿತ್ತು, ಆದರೆ ಶಕ್ತಿ ಸಾಲದು, ಹನ್ನೊಂದು. ಟಿ.ವಿ.ಯ ಮೊಟ್ಟೆಯಾಕಾರದ್ದು ಹದಿನೈದು. ತಂದೆಯವರ ರೇಡಿಯೋದ ಸ್ಪೀಕರ್, ಸೀಳಿನ ಅದುರಿನ ನಡುವೆಯೂ, ಹದಿನೈದು. ಹಗುರವಾದ ಕಾಗದದ ಶಂಕು ಮಾತಿಗೆಂದೇ ಹುಟ್ಟಿದ್ದೆಂಬಂತಿತ್ತು. ಹೊಸೂರಿನ ಬಾಲಕನೂ ಇದನ್ನೇ ಮಾಡಲಿ: ಸ್ಪೀಕರ್ ಕೊಳ್ಳುವಾಗ ಹಾಡನ್ನಲ್ಲ, ಈ ಐದು ಶಬ್ದಗಳನ್ನು ಕೇಳಲಿ. ಸ್ಪೀಕರ್ ಯಾರಿಗಾಗಿಯೋ ಅವರ ಕಿವಿಯೇ ಪರೀಕ್ಷಕ.

ಸೀಳನ್ನು ಮುಚ್ಚುವುದು ಕಷ್ಟವಲ್ಲ. ಮರಕ್ಕೆ ಬಳಸುವ ಬಿಳಿ ಗೋಂದಿಗೆ ಸಮಪಾಲು ನೀರು ಬೆರೆಸಿ, ತೆಳುವಾದ ಟಿಶ್ಯೂ ಕಾಗದದ ಸಣ್ಣ ತುಂಡನ್ನು ಅದರಲ್ಲಿ ನೆನೆಸಿ, ಸೀಳಿನ ಮೇಲೆ ಹರಡಿ ಒಂದು ರಾತ್ರಿ ಒಣಗಲು ಬಿಟ್ಟೆವು. ತುಂಡು ದೊಡ್ಡದಾದರೆ ಶಂಕು ಭಾರವಾಗಿ ದನಿ ಮಂಕಾಗುತ್ತದೆ. ಇನ್ನೊಂದು ಮಾತು: ಸ್ಪೀಕರನ್ನು ಅರ ಹಾಕುವ ಮೇಜಿನ ಮೇಲೆ ಇಡಬೇಡಿ. ಕಬ್ಬಿಣದ ಪುಡಿಯನ್ನು ಅದರ ಅಯಸ್ಕಾಂತ ಸೆಳೆದುಕೊಂಡರೆ, ಸಂದಿನಿಂದ ತೆಗೆಯುವುದು ಯಾರಿಂದಲೂ ಆಗದು.

ಸ್ಪೀಕರ್ ಮನೆಯಲ್ಲಿಯೇ ದೊರೆತರೂ ಉಳಿದ ಭಾಗಗಳಿಗೆ ಪೇಟೆಗೆ ಹೋಗಲೇಬೇಕು. ಈ ಬಾರಿ ಪಟ್ಟಿ ಮಾಡಿಕೊಂಡು ಹೋದೆ. ಮೆಮೊರಿ ಕಾರ್ಡಿನಿಂದ ದನಿ ಹೊರಡಿಸುವ ಡಿಎಫ್‌ಪ್ಲೇಯರ್ ಮಿನಿ ಎಂಬ, ಹೆಬ್ಬೆರಳಿನಗಲದ ಸಿದ್ಧ ಮಾಡ್ಯೂಲ್ ಒಂದು. ಮೂರು ವ್ಯಾಟಿನ ಆಂಪ್ಲಿಫೈಯರ್ ಅದರೊಳಗೇ ಇರುವುದರಿಂದ ಎಲ್‌ಎಂ 386ರ ಹಂಗಿಲ್ಲ. 32 ಜಿಬಿಯವರೆಗಿನ ಒಂದು ಕಾರ್ಡ್. ಮೂರು ಎಎ ಸೆಲ್ಲುಗಳ ಹಿಡಿಕೆ. ಒಟ್ಟು ನಾಲ್ಕೂವರೆ ವೋಲ್ಟ್, ಮಾಡ್ಯೂಲಿಗೆ ಒಪ್ಪುವ ಪ್ರಮಾಣ. ಸೆಲ್ಲುಗಳ ಎರಡು ತುದಿಗಳ ನಡುವೆ ಹಾಕಲು 470 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರ್. ದೋಣಿಯ ಸದ್ದಿಗೆ ಇದೇ ಮದ್ದು. ಒಂದು ಸ್ವಿಚ್ಚು, ಎರಡು ಗುಂಡಿ. ಗುಂಡಿಗಳಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಸಾಸಿವೆಕಾಳಿನಂಥವನ್ನು ಬಿಟ್ಟು, ಮನೆಬಾಗಿಲಿನ ಕರೆಗಂಟೆಯ ಒತ್ತುಗುಂಡಿಗಳನ್ನು ಕೊಂಡೆ. ಮುದಿ ಬೆರಳಿಗೆ ಅದಕ್ಕಿಂತ ಹಿತವಾದ ಸ್ವಿಚ್ಚು ಬೇರಿಲ್ಲ. ಒಂದನ್ನು ಒತ್ತಿದರೆ ಮುಂದಿನ ಪುಟ, ಇನ್ನೊಂದನ್ನು ಒತ್ತಿದರೆ ಹಿಂದಿನದು. ಒತ್ತಿಹಿಡಿದರೆ ದನಿ ಏರುತ್ತದೆ, ಇಳಿಯುತ್ತದೆ. ಈ ಮಾಡ್ಯೂಲಿನಿಂದ ಸ್ಪೀಕರಿಗೆ ಹೋಗುವ ಎರಡು ತಂತಿಗಳೂ ಜೀವಂತ ತಂತಿಗಳು. ಒಂದನ್ನಾದರೂ ಸೆಲ್ಲಿನ ಋಣ ತುದಿಗೆ ಸೇರಿಸಿದರೆ ಮಾಡ್ಯೂಲ್ ಹಾಳಾಗುತ್ತದೆ.

ಎಲ್‌ಎಂ 386 ಕಟ್ಟಿರುವ ಹುಡುಗರು ಬರೆದುಕೊಂಡು ಹೋಗಬೇಕಾದುದು ಇಷ್ಟು: ಐ.ಸಿ. ಮತ್ತು ಅದರ ಎಂಟು ಕಾಲಿನ ಪೀಠ. ಐದನೆಯ ಕಾಲಿನಿಂದ ಸ್ಪೀಕರಿಗೆ ಹೋಗುವ ದಾರಿಯಲ್ಲಿ 220 ಮೈಕ್ರೋಫ್ಯಾರಡಿನ ಕೆಪಾಸಿಟರ್. ಅದೇ ಕಾಲಿನಿಂದ ನೆಲಕ್ಕೆ 10 ಓಮಿನ ರೆಸಿಸ್ಟರ್ ಮತ್ತು 473 ಎಂದು ಬರೆದಿರುವ ಕೆಪಾಸಿಟರ್ ಸಾಲಾಗಿ. 8 ಓಮಿನ ಸ್ಪೀಕರ್. ಚೌಕ ಬ್ಯಾಟರಿಯ ಬದಲು ನಾಲ್ಕು ಎಎ ಸೆಲ್. ಕೆಪಾಸಿಟರಿನ ಮೇಲಿನ ಸಂಖ್ಯೆಯನ್ನು ಓದುವುದು ಸುಲಭ. ಮೊದಲ ಎರಡು ಅಂಕಿಗಳು ಬೆಲೆ, ಮೂರನೆಯದು ಸೊನ್ನೆಗಳ ಎಣಿಕೆ, ಅಳತೆ ಪಿಕೋಫ್ಯಾರಡಿನಲ್ಲಿ. 473 ಎಂದರೆ 47,000 ಪಿಕೋಫ್ಯಾರಡ್, ಅಂದರೆ 0.047 ಮೈಕ್ರೋಫ್ಯಾರಡ್. 104 ಎಂದರೆ 0.1.

ಎಲ್ಲಿ ಕೊಳ್ಳುವುದು? ಹೊಸೂರು, ಮಡಕಶಿರಾ ಕಡೆಯವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗಿಂತ ದೊಡ್ಡ ಪೇಟೆ ಬೇಕಿಲ್ಲ; ಭಾನುವಾರ ಹೋಗದಿರುವುದು ಲೇಸು. ಚೆನ್ನೈಗೆ ಹೋಗುವವರಿಗೆ ರಿಚಿ ಸ್ಟ್ರೀಟ್, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಪುಣೆಯ ಬುಧವಾರ ಪೇಟೆಯ ತಾಪಕೀರ್ ಗಲ್ಲಿ ಅಥವಾ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ತೆಲಂಗಾಣದವರಿಗೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ. ನಮ್ಮ ಕಡೆಯವರು ದಕ್ಷಿಣಕ್ಕೆ ಹೋದರೆ ಎರ್ನಾಕುಳಂನ ಪಳ್ಳಿಮುಕ್ಕಿನಲ್ಲಿ ಇಂಥ ಅಂಗಡಿಗಳಿವೆ. ಎಲ್ಲಿಗೆ ಹೋದರೂ ಪಟ್ಟಿಯ ಜೊತೆಗೆ ಮೀಟರನ್ನೂ ಚೀಲದಲ್ಲಿಟ್ಟುಕೊಂಡು ಹೋಗಿ. ಸ್ಪೀಕರನ್ನು ಅಂಗಡಿಯ ಕಟ್ಟೆಯ ಮೇಲೆಯೇ ಅಳೆಯಿರಿ. ಬಲ್ಲವರು ಬೇಸರಿಸುವುದಿಲ್ಲ, ಗೌರವಿಸುತ್ತಾರೆ. ಐ.ಸಿ., ಕೆಪಾಸಿಟರುಗಳನ್ನು ಒಂದರ ಬದಲು ಮೂರು ಕೊಳ್ಳಿ. ಅವುಗಳ ಬೆಲೆ ಬಸ್ಸಿನ ಟಿಕೆಟ್ಟಿನ ಮುಂದೆ ಏನೂ ಅಲ್ಲ. ಅಂತರಜಾಲದಲ್ಲಿ ತರಿಸುವವರಿಗೂ ಇದೇ ಮಾತು: ಸಾಗಣೆಯ ವೆಚ್ಚ ವಸ್ತುವಿಗಿಂತ ಹೆಚ್ಚಾಗುವುದರಿಂದ, ನಾಲ್ಕು ಮನೆಯ ಹುಡುಗರು ಸೇರಿ ಒಂದೇ ಬಾರಿ ತರಿಸುವುದು ಜಾಣತನ.

ಸ್ಪೀಕರನ್ನು ಬರಿದೇ ಮೇಜಿನ ಮೇಲಿಟ್ಟು ದನಿ ಸಣ್ಣದೆಂದು ದೂರುವವರಿದ್ದಾರೆ. ಶಂಕುವಿನ ಮುಂಭಾಗ ಗಾಳಿಯನ್ನು ತಳ್ಳುವಾಗ ಹಿಂಭಾಗ ಎಳೆಯುತ್ತದೆ. ಎರಡೂ ಅಂಚಿನಲ್ಲಿ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ನಡುವೆ ಒಂದು ಹಲಗೆ ಬಂದರೆ ದನಿ ತುಂಬಿಕೊಳ್ಳುತ್ತದೆ. ಹಲಸಿನ ಹಲಗೆಯ ಹಳೆಯ ಪೆಟ್ಟಿಗೆಯೊಂದಕ್ಕೆ ದುಂಡನೆಯ ಕಿಂಡಿ ಕೊರೆದು ನಾವು ಸ್ಪೀಕರನ್ನು ಒಳಗಿನಿಂದ ಬಿಗಿದೆವು. ಮುಂದೆ ತೆಳು ಬಟ್ಟೆಯ ಮುಸುಕು. ನಮ್ಮ ಕಡೆಯ ಮಳೆಗಾಲದ ಬೂಷ್ಟಿಗೂ ಹಲ್ಲಿಗೂ ಅದು ಬೇಕು. ಬೆಸುಗೆ ಹಾಕಿದ್ದು ಮಗಳೇ. ಇಪ್ಪತ್ತೈದು ವ್ಯಾಟಿನ ಬೆಸುಗೆ ಕಡ್ಡಿ ಸಾಕು. ಸಾಮಾನ್ಯ ಬೆಸುಗೆ ತಂತಿಯಲ್ಲಿ ಸೀಸವಿರುವುದರಿಂದ ಕೆಲಸವಾದೊಡನೆ ಮಕ್ಕಳು ಸಾಬೂನಿನಿಂದ ಕೈ ತೊಳೆಯಲೇಬೇಕು.

ಇದು ಹುಡುಗಾಟಿಕೆಯೇ ಎಂದು ಸೋದರಿಯವರು ಕೇಳಿದ್ದರು. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರ ಕೇಂದ್ರವನ್ನು ತೆರೆದಾಗಲೂ ಕೆಲವರಿಗೆ ಹಾಗೆಯೇ ಅನಿಸಿದ್ದೀತು. 'ಆಕಾಶವಾಣಿ' ಎಂಬ ಹೆಸರು ಆ ಮನೆಯ ಕೇಂದ್ರದ್ದೇ. ಮುಂದೆ ಅದು ಇಡೀ ದೇಶದ ಬಾನುಲಿಯ ಹೆಸರಾಯಿತು. ನಿಮ್ಮ ಮಗ ಅಷ್ಟು ದೂರ ಹೋಗಬೇಕೆಂದಿಲ್ಲ. ಮನೆಯಲ್ಲಿ ಯಾರಿಗೆ ಯಾವ ದನಿ ಬೇಕಾಗಿದೆ ಎಂದು ಒಮ್ಮೆ ಕೇಳಿ ನೋಡಲು ಹೇಳಿ. ಬೇಕಾದ ಸ್ಪೀಕರ್ ಆಗ ತಾನಾಗಿ ಗೊತ್ತಾಗುತ್ತದೆ.

ನಮ್ಮ ಪೆಟ್ಟಿಗೆ ಸಿದ್ಧವಾದುದು ಒಂದು ಶನಿವಾರ. ಅಂಟಿಸಿದ ಮೇಲೆ ಇಪ್ಪತ್ತು ಶಬ್ದಗಳಲ್ಲಿ ಹದಿನೇಳು ಸರಿಯಾದವು. ಮಗಳು ತಾನು ಓದಿದ ಮೊದಲ ಎರಡು ಪುಟಗಳನ್ನು ಕಾರ್ಡಿಗೆ ತುಂಬಿ, ಅಜ್ಜಿಯ ಬೆರಳನ್ನು ಗುಂಡಿಯ ಮೇಲಿಟ್ಟು, ನಾಚಿಕೆಯಿಂದ ಒಳಗೆ ಓಡಿದಳು. ತಂದೆಯವರ ರೇಡಿಯೋದ ಸ್ಪೀಕರಿನಿಂದ ಮೊಮ್ಮಗಳ ದನಿ ಹೊರಟಿತು. ಅಮ್ಮ ಕಣ್ಣು ಮುಚ್ಚಿ ಕೇಳಿದರು. ಮೊದಲ ಪುಟ ಮುಗಿಯಿತು, ಒಂದು ಮಾತಿಲ್ಲ. ಎರಡನೆಯ ಪುಟದ ನಡುವೆ ಥಟ್ಟನೆ ಕಣ್ಣು ತೆರೆದು, "ಅವಳನ್ನು ಇಲ್ಲಿಗೆ ಕರಿ" ಎಂದರು. ಏನಾಯಿತೋ ಎಂದು ನಾನು ಹೆದರಿದೆ. ಮಗಳು ಬಂದು ಎದುರು ನಿಂತಳು.

"ಮಗಳೇ, ಅದು ಸಿವರಾತ್ರಿ ಅಲ್ಲ, ಶಿವರಾತ್ರಿ. ಇನ್ನೊಮ್ಮೆ ಓದು, ಕೇಳುವ."

ಈಗ ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ತಿದ್ದುಪಡಿ ನಡೆಯುತ್ತಿದೆ. ಹುಡುಗಿಯ ತಡವರಿಕೆ ಕಡಿಮೆಯಾಗುತ್ತಿದೆ. ಈ ಸಂಚಿಕೆಯ ಈ ಪುಟವನ್ನೂ ಆಕೆಯೇ ಓದಿ ಪೆಟ್ಟಿಗೆಗೆ ತುಂಬುವವಳಾದ್ದರಿಂದ, ತಾಯಿಯ ಮುಂದೆ ನನ್ನ ತಪ್ಪುಗಳೂ ಬಯಲಾಗುವ ದಿನ ದೂರವಿಲ್ಲ.